ಪ್ರಶ್ನೋತ್ತರ: ಇಲಿಯ ಚಟ ಬಿಡಿಸಿದ ಮಾತ್ರೆ ನಮ್ಮ ಹುಡುಗರಿಗೂ ಆಗುತ್ತಾ?

ಅಡ್ಮಿನ್, ಮಡಿಕೇರಿ: ಎರಡು ದಿನದಿಂದ ಗುಂಪಿನಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ. ‘ಇಲಿಗಳ ಡ್ರಗ್ಸ್ ಚಟ ಬಿಡಿಸಿದ ಮಾತ್ರೆ, ಕಫ ಕರಗಿಸುವ ಮಾತ್ರೆಯೇ ಅದು, ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ’ ಅಂತ. ನಮ್ಮ ಡಾಕ್ಟರ್ ಮನೋವೈದ್ಯೆ. ಓದುವಾಗ ಔಷಧ ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ಕೆಲಸ ಮಾಡಿದವರು. ಇವತ್ತು ಸಂಜೆ ಉತ್ತರ ಕೊಡುತ್ತಾರೆ.

ಸುಂಟಿಕೊಪ್ಪದವ: ಡಾಕ್ಟ್ರೇ, ಆ ಮಾತ್ರೆ ನಿಜವಾಗ್ಲೂ ಕೆಲಸ ಮಾಡುತ್ತಾ?

ಡಾಕ್ಟರ್: ಇಲಿಯಲ್ಲಿ ಮಾಡಿತು. ಹೆಸರು ಎನ್-ಅಸಿಟೈಲ್‌ಸಿಸ್ಟೀನ್. ಕೊಕೇನ್ ಬಿಡಿಸಿದ ಇಲಿಗೆ ಮತ್ತೆ ಸ್ವಲ್ಪ ರುಚಿ ತೋರಿಸಿದರೂ ಅದು ಮೊದಲಿನ ಹಾಗೆ ಹುಡುಕಿಕೊಂಡು ಹೋಗಲಿಲ್ಲ. ಇದು 2003ರ ಮಾತು. ಆಮೇಲೆ ಆಸ್ಟ್ರೇಲಿಯಾದಲ್ಲಿ ಮೆಥ್ ಚಟ ಇದ್ದವರಿಗೆ 12 ವಾರ ಕೊಟ್ಟು ನೋಡಿದರು. ನಮ್ಮ ಹುಡುಗರು ಐಸ್ ಅಂತಾರಲ್ಲ, ಅದೇ ಮೆಥ್, ಮಿದುಳನ್ನು ಕೆರಳಿಸುವ ಉತ್ತೇಜಕ ಡ್ರಗ್. ಔಷಧವೇ ಇಲ್ಲದ ಗುಳಿಗೆ ತಗೊಂಡವರಿಗಿಂತ ಇವರಿಗೇನೂ ಜಾಸ್ತಿ ಗುಣ ಕಾಣಲಿಲ್ಲ. ಫಾರ್ವರ್ಡ್‌ನಲ್ಲಿ ಮೊದಲ ಅರ್ಧ ಮಾತ್ರ ಇದೆ.

ಸಿದ್ದಾಪುರ ಪ್ಲಾಂಟರ್: ಕಾಫಿಯೂ ಉತ್ತೇಜಕವೇ ಅಲ್ವಾ ಮೇಡಂ? ನಾವೆಲ್ಲ ಚಟಗಾರರಾ?

ಡಾಕ್ಟರ್: ಅಭ್ಯಾಸ ಆಗುತ್ತದೆ, ಬಿಟ್ಟರೆ ತಲೆನೋವು ಬರುತ್ತದೆ. ಐಸ್ ಜೊತೆ ಹೋಲಿಸಬೇಡಿ.

ಪೊನ್ನಂಪೇಟೆ ಅಮ್ಮ: ಹೆಸರು ಬೇಡ ಡಾಕ್ಟ್ರೇ. ಮಗನಿಗೆ 23. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಒಂದೂವರೆ ವರ್ಷದಿಂದ ಐಸ್ ಅಂತ ಈಗ ಗೊತ್ತಾಯಿತು. ಐದು ದಿನದ ಹಿಂದೆ ಕರ್ಕೊಂಡು ಬಂದೆವು. ಮೂರು ದಿನ ಬರೀ ನಿದ್ದೆ. ಈಗ ಎದ್ದಿದ್ದಾನೆ, ಮಾತಿಲ್ಲ. ನಿನ್ನೆ ರಾತ್ರಿ ‘ನಾನಿದ್ದು ಯಾರಿಗೇನಾಗಬೇಕು’ ಅಂದ. ಆ ಕಫದ ಮಾತ್ರೆ ತರಿಸಿಟ್ಟಿದ್ದೇನೆ. ಎಷ್ಟು ಕೊಡಲಿ?

ಡಾಕ್ಟರ್: ಅಕ್ಕ, ಮಾತ್ರೆ ಬದಿಗಿಡಿ. ಮೊದಲು ಇದನ್ನು ಓದಿ.

ಐಸ್ ಮಿದುಳಿನಲ್ಲಿ ಡೋಪಮಿನ್ ಅನ್ನು, ಅಂದರೆ ಆಸೆ, ಹುರುಪು ಹುಟ್ಟಿಸುವ ರಾಸಾಯನಿಕವನ್ನು, ವಿಪರೀತವಾಗಿ ಹೊರಗೆ ಸುರಿಸುತ್ತದೆ. ನಿಲ್ಲಿಸಿದ ಮೊದಲ ದಿನಗಳಲ್ಲಿ ಅತಿಯಾದ ನಿದ್ದೆ, ಹಸಿವು, ಆಮೇಲೆ ಯಾವುದರಲ್ಲೂ ರುಚಿ ಇಲ್ಲದ ಹಾಗೆ ಮನಸ್ಸು ಕುಸಿಯುತ್ತದೆ. ಅವನು ಸೋಮಾರಿ ಆಗಿರೋದಲ್ಲ. ಸಾಯುವ ಯೋಚನೆ ಬರುವುದು ಈ ಹೊತ್ತಿನಲ್ಲೇ. ‘ನಾನಿದ್ದು’ ಅಂತ ಅಂದನಲ್ಲ, ನನಗೆ ಆ ಮಾತಿನದೇ ಭಯ.

ಮನೆಯಲ್ಲಿ ಕೋವಿ ಇದ್ದರೆ ಇವತ್ತೇ ತೋಟಾ ಸಮೇತ ಬೇರೆ ಮನೆಗೆ ಕಳಿಸಿ. ಬೀರುವಿಗೆ ಬೀಗ ಹಾಕಿದರೆ ಸಾಲದು, ಬೀಗದ ಕೈ ಎಲ್ಲಿದೆ ಅಂತ ಅವನಿಗೆ ಚಿಕ್ಕಂದಿನಿಂದ ಗೊತ್ತು. ಕೈಲ್ ಮುಹೂರ್ತದ ಆಯುಧಪೂಜೆಗೆ ವಾಪಸ್ ತಂದರಾಯಿತು. ತೋಟಕ್ಕೆ ಹೊಡೆಯುವ ಔಷಧಿ ಡಬ್ಬಿಗಳೂ ಅವನ ಕೈಗೆ ಸಿಗಬಾರದು. ರಾತ್ರಿ ಒಬ್ಬನನ್ನೇ ಬಿಡಬೇಡಿ, ಪಕ್ಕದಲ್ಲೇ ಯಾರಾದರೂ ಮಲಗಿ.

‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹೊಸದಾಗಿ ಹೊಕ್ಕುವುದಿಲ್ಲ. ಹೌದು ಅಂದರೆ, ಯಾರೋ ಹಿಂಬಾಲಿಸ್ತಿದ್ದಾರೆ ಅಂದರೆ, ಎದೆನೋವು, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಇಲ್ಲದಿದ್ದರೂ ನಾಳೆ ಬೆಳಿಗ್ಗೆ ಮನೋವೈದ್ಯರಿಗೆ ತೋರಿಸಲೇಬೇಕು. ರಾತ್ರಿ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ನಂಬರ್ ನಿಮಗೆ ಬೇರೆಯಾಗಿ ಕಳಿಸಿದ್ದೇನೆ.

ನಾಪೋಕ್ಲು ಅಣ್ಣ: ಕಾಚಂಪುಳಿ ನೀರಿಗೆ ಹಾಕಿ ಕುಡಿಸಿ, ಹುಳಿಗೆ ಎಲ್ಲಾ ಮೂತ್ರದಲ್ಲಿ ಹೋಗುತ್ತೆ. ರಾತ್ರಿ ಹಾಲಿಗೆ ಒಂದು ಜಾಯಿಕಾಯಿ ತೇದು ಕೊಡಿ.

ಡಾಕ್ಟರ್: ಕೊಡಬೇಡಿ! ಒಂದಿಡೀ ಜಾಯಿಕಾಯಿ ಅಮಲಿನ ವಿಷ. ಎದೆ ಡವಡವ, ಭ್ರಮೆ, ವಾಂತಿ. ಈಗಷ್ಟೇ ಐಸ್ ಬಿಟ್ಟವನಿಗೆ ಇನ್ನೂ ಅಪಾಯ. ಕಾಚಂಪುಳಿ ಪಂದಿಕರಿಗೆ ಇರಲಿ.

ನಾಪೋಕ್ಲು ಅಣ್ಣ: ನಮ್ಮ ಅಜ್ಜಿ ಕಾಲದಿಂದ ಕೊಡ್ತಿದ್ದೇವೆ.

ಡಾಕ್ಟರ್: ಅಜ್ಜಿ ಕಾಲದಲ್ಲಿ ನಿದ್ದೆಗೆ ಚಿಟಿಕೆ ಕೊಡ್ತಿದ್ದರು. ಐಸ್ ಇರಲಿಲ್ಲ.

ಕುಶಾಲನಗರ ಮೇಷ್ಟ್ರು: ಮೂಕ ಪ್ರಾಣಿಗೆ ಡ್ರಗ್ಸ್ ಚುಚ್ಚಿ ಚಟ ಹತ್ತಿಸೋದು ಪಾಪ ಅಲ್ವಾ? ಅದರಿಂದ ಔಷಧಿಯೂ ಬರಲಿಲ್ಲ.

ಸಿದ್ದಾಪುರ ಪ್ಲಾಂಟರ್: ಮೇಷ್ಟ್ರೇ, ನಿಮ್ಮ ಉಗ್ರಾಣದಲ್ಲಿ ಇಲಿ ಪಾಷಾಣ ಇಡಲ್ವಾ?

ಕುಶಾಲನಗರ ಮೇಷ್ಟ್ರು: ಅದು ಬೇರೆ ವಿಷಯ. ಈ ಪಿಡುಗು ತಂದಿದ್ದೇ ನಿಮ್ಮ ಹೋಮ್‌ಸ್ಟೇಗಳು.

ಸಿದ್ದಾಪುರ ಪ್ಲಾಂಟರ್: ನಮ್ಮ ಹೋಮ್‌ಸ್ಟೇ ಕಡೆ ನೀವು ಬಂದಿದ್ದೀರಾ? ಸುಮ್ನೆ ಬಾಯಿಗೆ ಬಂದದ್ದು ಬರೀಬೇಡಿ.

ಸುಂಟಿಕೊಪ್ಪದವ: ಕಫದ ಮಾತ್ರೆ ದಿನಕ್ಕೆ ಎಷ್ಟು ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ಬಿ.ಫಾರ್ಮಾ ಹುಡುಗಿ: ಮೇಡಂ, ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯರಲ್ಲಿ ಯಾಕೆ ಸೋಲುತ್ತೆ?

ಡಾಕ್ಟರ್: ಒಳ್ಳೆ ಪ್ರಶ್ನೆ. ಮೇಷ್ಟ್ರಿಗೂ ಇಲ್ಲೇ ಹೇಳುತ್ತೇನೆ. ಇಲಿಯ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿರುತ್ತಾರೆ. ಅದು ಗುಂಡಿ ಒತ್ತಿದರೆ ಡ್ರಗ್ ಹೋಗುತ್ತದೆ, ತಲೆ ಮೇಲೆ ಒಂದು ಪುಟ್ಟ ದೀಪ ಹತ್ತುತ್ತದೆ. ವಾರಗಟ್ಟಲೆ ಡ್ರಗ್ ನಿಲ್ಲಿಸಿ, ಆಮೇಲೆ ಬರೀ ದೀಪದ ಆಸೆ ತೋರಿಸಿ. ಎರಡು ಕಾಲಲ್ಲಿ ನಿಂತು, ಮೀಸೆ ನಡುಗಿಸುತ್ತಾ, ಏನೂ ಬರದಿದ್ದರೂ ಗುಂಡಿ ಒತ್ತುತ್ತಲೇ ಇರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ನನ್ನ ರೋಗಿಗಳು ಹಳೇ ಗೆಳೆಯನ ಫೋನ್ ನಂಬರ್ ನೋಡಿ ಬೆವರಿದಾಗೆಲ್ಲ ಆ ಇಲಿ ನೆನಪಾಗುತ್ತದೆ. ಅದಕ್ಕೆ ನೋವಾಗಿಲ್ಲ ಅಂತ ನಾನು ಹೇಳಲ್ಲ ಮೇಷ್ಟ್ರೇ.

ಆದರೆ ಇಲಿಗೆ ಒಂದೇ ಡ್ರಗ್, ಅಳತೆ ಗೊತ್ತು, ಕೆಲವೇ ವಾರ. ನಮ್ಮ ಹುಡುಗರದ್ದು ವರ್ಷಗಟ್ಟಲೆ, ಜೊತೆಗೆ ಮದ್ಯ, ಗಾಂಜಾ, ಸಾಲ, ನಾಚಿಕೆ. 2018ರಲ್ಲಿ ಅಮೆರಿಕದಲ್ಲಿ ಇಲಿಗಳಿಗೆ ಎರಡು ದಾರಿ ಇಟ್ಟರು. ಒಂದು ಗುಂಡಿ ಒತ್ತಿದರೆ ಮೆಥ್, ಇನ್ನೊಂದು ಒತ್ತಿದರೆ ಬಾಗಿಲು ತೆರೆದು ಇನ್ನೊಂದು ಇಲಿಯ ಜೊತೆ. ಚಟ ಹತ್ತಿದ ಇಲಿಗಳೂ ಜೊತೆಯನ್ನೇ ಆರಿಸಿದವು. ಜೊತೆ ಸಿಗುವುದು ತಡವಾದರೆ ಮತ್ತೆ ಮೆಥ್ ಕಡೆ ತಿರುಗಿದವು. ಮಗನನ್ನು ಕೋಣೆಗೆ ಹಾಕಿ ಚಿಲಕ ಹಾಕಿದ ಮನೆಯವರಿಗೆ ನಾನು ಇದನ್ನೇ ಹೇಳುವುದು.

ಬಿ.ಫಾರ್ಮಾ ಹುಡುಗಿ: ಹಾಗಾದರೆ ಮಾತ್ರೆಯೇ ಇಲ್ಲವಾ?

ಡಾಕ್ಟರ್: ಐಸ್ ಚಟಕ್ಕೇ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಒಂದೂ ಮಾತ್ರೆ ಇಲ್ಲ. 2021ರಲ್ಲಿ ಪ್ರಕಟವಾದ 403 ಜನರ ಅಧ್ಯಯನದಲ್ಲಿ ಕೆಲವರಿಗೆ ನಾಲ್ಟ್ರೆಕ್ಸೋನ್ ಇಂಜೆಕ್ಷನ್, ಬುಪ್ರೋಪಿಯಾನ್ ಮಾತ್ರೆ ಎರಡೂ ಕೊಟ್ಟು ನೋಡಿದರು. ಗುಣ ಕಂಡಿದ್ದು ಶೇ. 13.6 ಜನರಿಗೆ, ಔಷಧ ಇಲ್ಲದವರಲ್ಲಿ ಶೇ. 2.5. ಸಣ್ಣದಾದರೂ ನಿಜವಾದ ಲಾಭ. ಬುಪ್ರೋಪಿಯಾನ್‌ನಿಂದ ಫಿಟ್ಸ್ ಬರಬಹುದು, ಯಾರೂ ತಾವಾಗಿ ತಗೋಬೇಡಿ.

ಸುಂಟಿಕೊಪ್ಪದವ: ಬುಪ್ರೋಪಿಯಾನ್ ಎಷ್ಟು ಪವರ್?

ಡಾಕ್ಟರ್: ತಗೋಬೇಡಿ ಅಂದೆ. ಈ ಪ್ರಶ್ನೆಗೆ ಇನ್ನು ಉತ್ತರ ಇಲ್ಲ.

ಗೋಣಿಕೊಪ್ಪ ಸದಸ್ಯ: ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತಾ? ನಮ್ಮ ಭಾವನ ಮಗನದ್ದೂ ಇದೇ ಕಥೆ.

ನಾಪೋಕ್ಲು ಅಣ್ಣ: ಮನೆಮದ್ದು ಅಂದರೆ ಸಿಟ್ಟು. ಇಲಿ ಅಂದರೆ ಎರಡು ಪುಟ.

ಸಿದ್ದಾಪುರ ಪ್ಲಾಂಟರ್: ಅಡ್ಮಿನ್, ಮೇಷ್ಟ್ರು ಹೋಮ್‌ಸ್ಟೇ ಮಾತು ವಾಪಸ್ ತಗೊಳ್ಳಲಿ.

ಕುಶಾಲನಗರ ಮೇಷ್ಟ್ರು: ತಗೊಳ್ಳಲ್ಲ.

ಪೊನ್ನಂಪೇಟೆ ಅಮ್ಮ: ಡಾಕ್ಟ್ರೇ, ಕೋವಿ ತಮ್ಮನ ಮನೆಗೆ ಹೋಯಿತು. ಕೇಳಿದೆ. ‘ಹೌದು’ ಅಂದ, ಅತ್ತ.

ಡಾಕ್ಟರ್: ಈಗಲೇ ಹೊರಡಿ ಅಕ್ಕ. ಜೀಪಿನಲ್ಲಿ ಅವನನ್ನು ಮಧ್ಯದಲ್ಲಿ ಕೂರಿಸಿಕೊಳ್ಳಿ. ನಾನು ಫೋನ್ ಮಾಡುತ್ತಿದ್ದೇನೆ, ಎತ್ತಿ.