ಸಹಾಯ ಬೇಕು: ರೆನ್‌ಪೈನಲ್ಲಿ ಹಾಡು ತಿರುಗುವ ಕಡೆಯೇ ಚಿತ್ರ ಬದಲಾಗಬೇಕು

ನಮಸ್ಕಾರ. ರೆನ್‌ಪೈನಲ್ಲಿ ಒಂದು ಪುಟ್ಟ ವಿಷುಯಲ್ ನಾವೆಲ್ (ಚಿತ್ರ, ಹಾಡಿನ ಜೊತೆ ಕ್ಲಿಕ್ ಮಾಡುತ್ತಾ ಓದುವ ಕತೆ) ಮಾಡುತ್ತಿದ್ದೇನೆ; ರೆನ್‌ಪೈ ಅಂದರೆ ಇಂಥ ಕತೆ ಕಟ್ಟುವ ಸಾಫ್ಟ್‌ವೇರ್. ಪ್ರೀತಿ ಮುರಿದ ಇಬ್ಬರ ಕತೆ. ಮಾತು ಕಮ್ಮಿ, ಹಾಡೇ ಜಾಸ್ತಿ. ಅವಳು ಎದ್ದು ಹೋಗುವಾಗ ಗಿಟಾರ್ ನಿಂತು ಪಿಯಾನೋ ಶುರುವಾಗಬೇಕು, ಅದೇ ಕ್ಷಣಕ್ಕೆ ಖಾಲಿ ಕುರ್ಚಿಯ ಚಿತ್ರ ಬರಬೇಕು. ಅರ್ಧ ಸೆಕೆಂಡ್ ತಪ್ಪಿದರೂ ಸೀನ್ ಸಪ್ಪೆ.

ಮೊದಲು ಪಾಝ್ ಕೊಟ್ಟು ನೋಡಿದೆ. ಬೇಗ ಓದುವವರು ಹಾಡಿಗಿಂತ ಮುಂದೆ, ನಿಧಾನಕ್ಕೆ ಓದುವವರು ಹಿಂದೆ. ಸಾಲುಗಳು ತಾವೇ ಮುಂದೆ ಹೋಗುವ ಹಾಗೆ ಮಾಡಿದರೆ ಓದಿ ಮುಗಿಸುವಷ್ಟರಲ್ಲಿ ಮಾಯ. ಇಂಥ ಕತೆಯಲ್ಲಿ ಓದುವವರನ್ನು ಓಡಿಸಬಾರದು ಅಲ್ವಾ?

ಈಗ ಹಾಡನ್ನೇ ತುಂಡು ಮಾಡಿದ್ದೇನೆ. ಟೆಂಪೋ 80 ಬಿಪಿಎಂ (ನಿಮಿಷಕ್ಕೆ 80 ಬೀಟ್), ಅಂದರೆ 4 ಬೀಟಿನ ಒಂದು ಬಾರ್ 3 ಸೆಕೆಂಡ್. ಗಿಟಾರ್ ತುಂಡು 4 ಬಾರ್, 12 ಸೆಕೆಂಡ್. ಕ್ಲಿಕ್ ಮಾಡುವವರೆಗೆ ಅದು ಲೂಪ್ ಆಗುತ್ತಿರುತ್ತದೆ. ಕ್ಲಿಕ್ ಆದಮೇಲೆ 'ಕ್ಯೂ ಮ್ಯೂಸಿಕ್' (ಮುಂದಿನ ತುಂಡನ್ನು ಸರದಿಯಲ್ಲಿ ಇಡುವ ಆದೇಶ) ಕೊಟ್ಟರೆ ಆ ಸುತ್ತು ಮುಗಿದೇ ಪಿಯಾನೋ ಬರುತ್ತದೆ. ಕೇಳೋಕೆ ಸೊಗಸಾಗಿದೆ. ಚಿತ್ರ ಮಾತ್ರ ಕ್ಲಿಕ್ ಆದ ತಕ್ಷಣ ಬದಲಾಗಿಬಿಡುತ್ತದೆ.

ಪಿಯಾನೋ ಶುರುವಾಯಿತು ಅಂತ ಸ್ಕ್ರಿಪ್ಟಿಗೆ ತಿಳಿಸುವುದು ಹೇಗೆ? ಟೈಮರ್ ಇಟ್ಟು 'ಗೆಟ್ ಪ್ಲೇಯಿಂಗ್' (ಈಗ ಯಾವ ತುಂಡು ನುಡಿಯುತ್ತಿದೆ ಅಂತ ಹೇಳುವುದು) ಅನ್ನು ಪದೇ ಪದೇ ನೋಡಬೇಕಾ, ಅಥವಾ 'ಗೆಟ್ ಪೊಸ್'ನಿಂದ (ತುಂಡು ಎಷ್ಟನೇ ಸೆಕೆಂಡಿನಲ್ಲಿದೆ ಅಂತ ಹೇಳುವುದು) ಉಳಿದ ಸೆಕೆಂಡ್ ಲೆಕ್ಕ ಹಾಕಿ ಅಷ್ಟು ಹೊತ್ತು ಪಾಝ್ ಕೊಟ್ಟರೆ ಸಾಕಾ? ಆಂಡ್ರಾಯ್ಡ್ ಫೋನಲ್ಲೂ ಸರಿಯಾಗಿ ನಡೆಯೋದು ಯಾವುದು?