ಚಿಕ್ಕ ಮಕ್ಕಳಿಗೆ ಗಾಳ ಹಾಕುವುದನ್ನು ಕಲಿಸಿದವರು ಅನುಭವ ಹೇಳಿ

ದಡದಲ್ಲಿ ಮೂವರು:
ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಇಬ್ಬರಿಗೂ ಮೀನು ಹಿಡಿಯುವ ಹುಚ್ಚು ಹತ್ತಿದೆ. ನಾನು ಚಿಕ್ಕಂದಿನಲ್ಲಿ ಗಾಳ ಹಾಕಿದವಳೇ, ಆದರೆ ಮಕ್ಕಳನ್ನು ಕರೆದೊಯ್ದು ಅಭ್ಯಾಸವಿಲ್ಲ. ದೋಣಿ ಹತ್ತುವುದಿಲ್ಲ, ಆಳ ಕಡಿಮೆ ಇರುವ ಕೊಳದ ದಡವಷ್ಟೇ. ಮೊದಲ ಕೋಲಿಗೆ ದಾರ ಸುತ್ತುವ ರೀಲ್ ಬೇಕೇ? ದಡದಲ್ಲಿ ನಿಂತಾಗಲೂ ಲೈಫ್ ಜಾಕೆಟ್ ಬೇಕೇ? ಚಿಕ್ಕವನನ್ನು ಈಗಲೇ ಸೇರಿಸಿಕೊಳ್ಳಬಹುದೇ? ಜೊತೆಗೆ ದೊಡ್ಡವರೆಂದು ನಾನೊಬ್ಬಳೇ ಇರುತ್ತೇನೆ.

ಮೂರು ಮಕ್ಕಳ ಅಪ್ಪ:
ರೀಲ್ ಎಂದಿರಿ, ಹೇಳದೆ ಬಿಡಲಾರೆ. ಅಂಗಡಿಯವನ ಮಾತು ನಂಬಿ ಮೂವರಿಗೂ ತೆರೆದ ಸ್ಪಿನ್ನಿಂಗ್ ರೀಲ್ ಇರುವ ಕೋಲು ಕೊಡಿಸಿದೆ. ದೊಡ್ಡವಳು ದಾರ ಬಿಡಬೇಕಾದಾಗ ಬೆರಳು ಬಿಡಲಿಲ್ಲ, ಬಿಡಬಾರದಾಗ ಬಿಟ್ಟಳು. ಗಾಳ ಅವಳ ಟೋಪಿಗೇ ಸಿಕ್ಕಿಕೊಂಡಿತು. ನಡುವಿನವನು ರೀಲಿನ ಹಿಡಿಯನ್ನು ಹಿಂದುಮುಂದಾಗಿ ತಿರುಗಿಸಿ ಇಡೀ ಸುರುಳಿಯನ್ನು ಸಿಕ್ಕುಗಟ್ಟಿಸಿದ. ಆ ದಾರವನ್ನೆಲ್ಲ ಕತ್ತರಿಸಿ ಎಸೆದು ಹೊಸದು ಸುತ್ತಿಸಿದೆ, ಮುಂದಿನ ವಾರ ಅದೇ ಕತೆ. ಒಂದು ಕೋಲಿನ ತುದಿ ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯಿತು, ಇನ್ನೊಂದು ರೀಲಿಗೆ ಮರಳು ಹೊಕ್ಕಿತು. ದುರಸ್ತಿಗೆ ಕೇಳಿದ ಹಣದಲ್ಲಿ ಹೊಸ ರೀಲ್ ಬರುತ್ತಿತ್ತು. ನೀರಿನ ಮೇಲೆ ತೇಲುವ ಬೆಂಡು, ಮೀನಿನ ಬಾಯಿಗೆ ಸಿಕ್ಕುವ ಕೊಂಡಿ, ದಾರವನ್ನು ಮುಳುಗಿಸುವ ಗುಂಡುಗಳನ್ನು ಮರಗಳು ಎಷ್ಟು ನುಂಗಿದವೋ ಲೆಕ್ಕವಿಟ್ಟಿಲ್ಲ.

ಕೊನೆಗೆ ಮುಚ್ಚಿದ ಮುಖದ, ಗುಂಡಿ ಒತ್ತುವ ರೀಲ್ ತಂದೆ. ಒತ್ತಿ ಹಿಡಿ, ಬೀಸು, ಬಿಡು, ಅಷ್ಟೇ. ಕೋಲು ಒಂದೂಕಾಲು ಮೀಟರಿನಷ್ಟು. ಕೊಂಡಿಯ ಬದಲು ರಬ್ಬರ್ ತುಂಡು ಕಟ್ಟಿ, ಅಂಗಳದಲ್ಲಿ ಬಕೆಟ್ಟಿಗೆ ಗುರಿಯಿಟ್ಟು ಎಸೆಯುವುದನ್ನು ಕಲಿಸಿದ ಮೇಲೆಯೇ ನೀರಿನ ಬಳಿ ಹೋದದ್ದು. ಬೀಸುವ ಮೊದಲು ಹಿಂದೆ ತಿರುಗಿ ನೋಡದಿದ್ದರೆ ಕೋಲು ನನ್ನ ಕೈಗೆ ವಾಪಸ್ಸು.

ಹಳೆಯ ಬೆಂಡು:
ಇಷ್ಟೆಲ್ಲ ಖರ್ಚು ಯಾಕೆ ಬೇಕಿತ್ತು? ರೀಲೇ ಬೇಡ. ಉದ್ದನೆಯ ಹಗುರ ಕೋಲು, ತುದಿಗೆ ಕೋಲಿನಷ್ಟೇ ಉದ್ದದ ದಾರ, ಬೆಂಡು, ಹನ್ನೆರಡನೇ ನಂಬರಿನ ಕೊಂಡಿ, ಎರೆಹುಳು. ನಂಬರ್ ಹೆಚ್ಚಿದಷ್ಟೂ ಕೊಂಡಿ ಚಿಕ್ಕದು ಎಂಬುದು ಗೊತ್ತಿಲ್ಲದ ಅಪ್ಪಂದಿರು ಎರಡನೇ ನಂಬರಿನದನ್ನು ತಂದು, ಮೀನು ಕಚ್ಚುವುದಿಲ್ಲವೆಂದು ಅಳುವುದನ್ನು ನೋಡಿದ್ದೇನೆ. ಬೀಸುವುದೇ ಇಲ್ಲ, ಇಳಿಬಿಡುವುದು. ನನ್ನ ಮಕ್ಕಳೂ ಮೊಮ್ಮಕ್ಕಳೂ ಹೀಗೆಯೇ ಕಲಿತರು. ಜಾಕೆಟ್ ದೋಣಿಗೆ ಇರಲಿ. ದಡದಲ್ಲಿ ಅದನ್ನು ತೊಡಿಸಿದರೆ ಮಗು ಬೆವರುತ್ತದೆ, ರಂಪ ಮಾಡುತ್ತದೆ, ಮೀನು ದೂರವಾಗುತ್ತದೆ. ಮೊದಲು ಈಜು ಕಲಿಸಿ, ಆಮೇಲೆ ಗಾಳ.

ಮುಳ್ಳು ಮಡಚಿ:
ಕೋಲು ಬೇಕಾದದ್ದು ಇರಲಿ, ಯಾರೂ ಕೊಂಡಿಯ ಹಿಮ್ಮುಳ್ಳಿನ (ತುದಿಯ ಬಳಿ ಹಿಂದಕ್ಕೆ ಚಾಚಿದ ಮುಳ್ಳಿನ) ಬಗ್ಗೆ ಹೇಳಲಿಲ್ಲವಲ್ಲ! ನನ್ನ ಅಕ್ಕನ ಮಗ ಎಳೆದ ಗಾಳ ನನ್ನ ಮಗನ ಅಂಗೈಗೆ ಹೊಕ್ಕಿತು. ಮುಳ್ಳಿನ ಕೊಂಡಿ ಹೋದ ದಾರಿಯಲ್ಲಿ ಹಿಂದಕ್ಕೆ ಬರುವುದಿಲ್ಲ, ಮಾಂಸ ಹರಿಯುತ್ತದೆ. ಮೊದಲು ಹೋದ ಆಸ್ಪತ್ರೆಯಲ್ಲಿ ಹೊರಗೆ ಕೂರಿಸಿ ಹೆಸರು, ವಯಸ್ಸು, ವಿಳಾಸ ಬರೆಸಿಕೊಂಡರು. ಬಳಿಕ ಇದು ನಮ್ಮಲ್ಲಿ ಆಗುವುದಿಲ್ಲ ಎಂದರು. ಎರಡನೆಯ ಕಡೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ತುದಿಯನ್ನು ಚರ್ಮದಿಂದ ಹೊರಕ್ಕೆ ತಳ್ಳಿ, ಮುಳ್ಳನ್ನು ಕತ್ತರಿಸಿ ತೆಗೆದರು. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದಿರಿ ಎಂದು ಕೇಳಿದಾಗ ನನಗೂ ಗಂಡನಿಗೂ ಅಲ್ಲಿಯೇ ಜಗಳ. ಮಗ ಇಂದಿಗೂ ಎರೆಹುಳು ಮುಟ್ಟುವುದಿಲ್ಲ.

ಅದಾದ ಮೇಲೆ ನಮ್ಮ ಡಬ್ಬಿಯಲ್ಲಿರುವ ಪ್ರತಿ ಕೊಂಡಿಯ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಡಚಿದ್ದೇನೆ. ಎಲ್ಲರಿಗೂ ಕನ್ನಡಕ ಕಡ್ಡಾಯ. ಕಣ್ಣಿಗೆ ಹೊಕ್ಕರೆ ತೆಗೆಯಲು ಹೋಗಲೇಬಾರದು. ಮೇಲೆ ಲೋಟ ಬೋರಲು ಹಾಕಿದಂತೆ ಮುಚ್ಚಿ, ಒತ್ತಡ ಬೀಳದಂತೆ ಆಸ್ಪತ್ರೆಗೆ ಓಡಬೇಕು.

ಹಳೆಯ ಬೆಂಡು:
ಅಂಗೈಗೆ ಹೊಕ್ಕ ಕೊಂಡಿಗೆ ಎರಡು ಆಸ್ಪತ್ರೆಯೇ? ಕೊಂಡಿಯ ಬಾಗಿಗೆ ಗಟ್ಟಿ ದಾರದ ಕುಣಿಕೆ ಹಾಕಿ, ದಾರ ಕಟ್ಟುವ ಕಡೆಯ ಹಿಡಿಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಒಂದೇ ಬಾರಿಗೆ ಜಗ್ಗಿದರೆ ಬಂದುಬಿಡುತ್ತದೆ.

ಮುಳ್ಳು ಮಡಚಿ:
ಒದ್ದಾಡುವ ಐದು ವರ್ಷದ ಮಗುವಿನ ಕೈ ಹಿಡಿದು ಜಗ್ಗಿ ನೋಡಿ, ಆಮೇಲೆ ಉಪದೇಶ ಮಾಡಿ. ಬೆರಳಿನ ಗೆಣ್ಣಿನ ಬಳಿ ಆಗಿದ್ದರೆ?

ದಡವಾಸಿ:
ಕೊಂಡಿಯ ಜಗಳ ಬಿಡಿ. ಮೇಲೆ ಜಾಕೆಟ್ ಬೇಡ ಎಂದು ಬರೆದಿದ್ದನ್ನು ಯಾರೂ ಪ್ರಶ್ನಿಸಲಿಲ್ಲ, ಅದಕ್ಕೇ ಮೈ ಉರಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸರಿಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗುವುದಿಲ್ಲ, ಕೈಬೀಸುವುದಿಲ್ಲ. ಉಸಿರಿಗೇ ಪುರುಸೊತ್ತಿಲ್ಲದಾಗ ಕೂಗುವುದೆಲ್ಲಿ? ನಮ್ಮವಳು ದಡದ ಪಾಚಿಯ ಕಲ್ಲಿನ ಮೇಲೆ ಜಾರಿದಳು. ನಾನು ಎರೆಹುಳು ಸಿಕ್ಕಿಸುತ್ತಿದ್ದೆ, ಶಬ್ದವೇ ಬರಲಿಲ್ಲ. ಮೈಮೇಲೆ ಜಾಕೆಟ್ ಇತ್ತು, ಆದ್ದರಿಂದ ಈಗ ಎಂಟನೇ ತರಗತಿಯಲ್ಲಿ ಓದುತ್ತಿದ್ದಾಳೆ.

ಅದನ್ನು ಆರಿಸುವುದಕ್ಕೂ ನಾವು ಪಟ್ಟ ಪಾಡು ಕಡಿಮೆಯಲ್ಲ. ಮೊದಲನೆಯದು ದೊಡ್ಡದು, ಬೆಳೆಯುತ್ತಾಳೆಂದು ತಂದದ್ದು. ಭುಜದ ಪಟ್ಟಿ ಹಿಡಿದು ಎತ್ತಿದರೆ ಕಿವಿಯವರೆಗೂ ಏರುತ್ತಿತ್ತು. ನೀರಿನಲ್ಲಿ ಮಗು ಕೆಳಗಿನಿಂದ ಜಾರಿಹೋಗುತ್ತದೆ. ಎರಡನೆಯದಕ್ಕೆ ಕಾಲುಗಳ ನಡುವಿನ ಪಟ್ಟಿ ಇರಲಿಲ್ಲ. ಮೂರನೆಯದರ ಮೇಲೆ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿತ್ತು: ಅದು ಈಜುಬಲ್ಲವರಿಗೆ ತೇಲಲು ನೆರವಾಗುವ ಜಾಕೆಟ್, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ. ಈಜು ಬಾರದವರಿಗೆ 100 ನ್ಯೂಟನ್‌ನದು, ಕತ್ತಿನ ಹಿಂದೆ ದಿಂಬಿರುವಂಥದ್ದು ಬೇಕು. ಗಾಳಿ ತುಂಬುವ ತೋಳಿನ ಬಳೆಗಳಂತೂ ಆಟಿಕೆ.

ಹಳೆಯ ಬೆಂಡು:
ಈಜು ಬಂದರೆ ಇದ್ಯಾವುದೂ ಬೇಡ ಎಂದೇ ನಾನು ಹೇಳಿದ್ದು.

ದಡವಾಸಿ:
ಈಜುಕೊಳದಲ್ಲಿ, ಈಜುಡುಗೆಯಲ್ಲಿ ಕಲಿತ ಮಗು ಬೂಟು, ಪ್ಯಾಂಟು ತೊಟ್ಟು ತಣ್ಣೀರಿಗೆ ಬಿದ್ದರೆ ಮೊದಲು ಮಾಡುವುದು ಒಮ್ಮೆಲೇ ಉಸಿರೆಳೆದುಕೊಳ್ಳುವುದು. ಬಾಯಿ ಆಗ ನೀರಿನೊಳಗಿದ್ದರೆ ಈಜು ಏನು ಮಾಡೀತು?

ನೀರಹಕ್ಕಿ:
ಮಕ್ಕಳ ಕೈಗೆ ಸೀಸದ ಗುಂಡು ಕೊಡುತ್ತೀರಾ? ಒಬ್ಬರೂ ಎತ್ತಲಿಲ್ಲ. ದಾರಕ್ಕೆ ಸಿಕ್ಕಿಸುವ ಸೀಳು ಗುಂಡನ್ನು ಹಲ್ಲಿನಿಂದ ಕಚ್ಚಿ ಮುಚ್ಚುವುದನ್ನು ದೊಡ್ಡವರು ಮಾಡುತ್ತಾರೆ, ಮಕ್ಕಳು ನೋಡಿ ಕಲಿಯುತ್ತಾರೆ. ಬ್ರಿಟನ್ನಿನಲ್ಲಿ ಹಂಸಗಳು ನುಂಗಿ ಸಾಯುತ್ತವೆಂದು 1987ರಲ್ಲೇ ಚಿಕ್ಕ ಸೀಸದ ತೂಕಗಳನ್ನು ನಿಷೇಧಿಸಿದರು. ನಾವು ತವರದ್ದು ಬಳಸುತ್ತೇವೆ. ಹಗುರ, ದುಬಾರಿ, ಬೇಗ ಜಾರುತ್ತದೆ, ಎಲ್ಲ ದೂರೂ ನಿಜ. ಆದರೂ ಬಳಸುತ್ತೇವೆ. ಹಿಡಿದ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ಕೂಡಲೇ ಬಿಡುತ್ತೇವೆ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ.

ಮೂರು ಮಕ್ಕಳ ಅಪ್ಪ:
ಬಿಡುವುದಕ್ಕೆ ಹಿಡಿಯುವುದೇಕೆ? ತಿನ್ನದ ಮೀನಿನ ಬಾಯಿಗೆ ಕೊಂಡಿ ಸಿಕ್ಕಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಮಕ್ಕಳಿಗೆ ದಯೆಯೆಂದು ಕಲಿಸಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶದಿಂದ ಹಿಡಿಯುವುದೇ ಕಾನೂನುಬಾಹಿರ. ನಾವು ತಿನ್ನುವಷ್ಟು ಹಿಡಿಯುತ್ತೇವೆ, ತಲೆಗೆ ಒಂದೇ ಪೆಟ್ಟು, ಮಕ್ಕಳ ಮುಂದೆಯೇ.

ನೀರಹಕ್ಕಿ:
ನಾಲ್ಕು ವರ್ಷದವನ ಮುಂದೆ ಪೆಟ್ಟೇ? ನಿಮ್ಮ ಮಕ್ಕಳ ನಿದ್ದೆ ಹೇಗಿದೆಯೋ! ಚಿಕ್ಕ ಮೀನನ್ನೂ ತಿನ್ನುತ್ತೀರೋ?

ದಡದಲ್ಲಿ ಮೂವರು:
ಎಲ್ಲರಿಗೂ ವಂದನೆ. ಜಾಕೆಟ್ ತರುತ್ತೇನೆ, ಮುಳ್ಳು ಮಡಚುತ್ತೇನೆ. ಆದರೆ ಚಿಕ್ಕವನ ಪ್ರಶ್ನೆ ಹಾಗೆಯೇ ಉಳಿಯಿತು.

ದಡವಾಸಿ:
ನೀವೊಬ್ಬರೇ ಇದ್ದರೆ ಇಬ್ಬರನ್ನು ಒಟ್ಟಿಗೆ ಬೇಡ. ಮಗಳ ಗಾಳಕ್ಕೆ ಮೀನು ಕಚ್ಚಿದಾಗ ನಿಮ್ಮ ಎರಡು ಕೈಯೂ ಎರಡು ಕಣ್ಣೂ ಅವಳ ಕಡೆಗೆ ಹೋಗುತ್ತವೆ. ಮಗ ನೀರಿಗಿಳಿಯುವುದು ಆಗಲೇ. ಇನ್ನೊಬ್ಬ ದೊಡ್ಡವರು ಸಿಗುವವರೆಗೆ ಸರದಿಯ ಮೇಲೆ ಒಬ್ಬೊಬ್ಬರನ್ನೇ ಕರೆದೊಯ್ಯಿರಿ. ಅವನಿಗೆ ಕೊಂಡಿಯಿಲ್ಲದ ಕೋಲು, ಹುಳುವಿನ ಡಬ್ಬಿ, ಬಲೆ ಸಾಕು. ಹೆಚ್ಚು ಹೊತ್ತು ಕೂರುವುದೂ ಇಲ್ಲ.

ಹಳೆಯ ಬೆಂಡು:
ಕೊಂಡಿಯಿಲ್ಲದ ಕೋಲು ಕೊಟ್ಟರೆ ಅವನಿಗೆ ಮೋಸ ಗೊತ್ತಾಗುವುದಿಲ್ಲವೇ? ನಾಲ್ಕು ವರ್ಷದವನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಮ್ಮ ಕೋಲನ್ನೇ ಹಿಡಿಸಿ. ಗುಡುಗು ಕೇಳಿದರೆ ಮಾತ್ರ ಏಳಿ. ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ, ಮೇಲೆ ತಂತಿ ಇರುವ ಕಡೆಯಂತೂ ಬಿಚ್ಚಲೇಬೇಡಿ. ಬಿದಿರಿನದು ತನ್ನಿ ಎಂದು ಹೇಳುತ್ತಿರುವುದು ಅದಕ್ಕೇ.

ಮೂರು ಮಕ್ಕಳ ಅಪ್ಪ:
ಬಿದಿರು ಎಂದು ಎಲ್ಲಿ ಹೇಳಿದಿರಿ? ಹಗುರ ಕೋಲು ಎಂದಿರಿ. ಒದ್ದೆ ಬಿದಿರು ಮಾತ್ರ ವಿದ್ಯುತ್ ಹರಿಸುವುದಿಲ್ಲವೋ? ಅಂದ ಹಾಗೆ ನೀರಹಕ್ಕಿಯವರೇ, ಚಿಕ್ಕ ಮೀನನ್ನು ನಾವೂ ಬಿಡುತ್ತೇವೆ. ಒದ್ದೆ ಕೈಯಲ್ಲೇ.