ಶಾಲೆಯ ದಾರಿ ಕಾಯುವ ಗೆಳತಿ, ಇಲ್ಲಿ ಟ್ಯಾಂಕರ್ ಕಾಯುವ ನಾನು

ಕುಕ್ಕರಹಳ್ಳಿ:
ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಗೆಳತಿಯೊಬ್ಬಳು ಮದುವೆಯ ನಂತರ ಇಂಗ್ಲೆಂಡಿನಲ್ಲಿ ನೆಲೆಸಿ, ಅಲ್ಲಿನ ಪೌರತ್ವ ಪಡೆದು, ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. 2022ರಲ್ಲಿ ಸಂಬಳವಿಲ್ಲದ ರಜೆ ಹಾಕಿ, ನಿರಾಯುಧ ಸ್ವಯಂಸೇವಕರ ತಂಡವೊಂದರ ಜೊತೆ ಇಸ್ರೇಲ್ ಆಕ್ರಮಿಸಿಕೊಂಡಿರುವ ಪ್ಯಾಲೆಸ್ಟೀನಿಯರ ನೆಲವಾದ ವೆಸ್ಟ್ ಬ್ಯಾಂಕಿನ ದಕ್ಷಿಣ ತುದಿಯ ಹೆಬ್ರಾನ್ ಗುಡ್ಡಗಳಿಗೆ ಹೋಗಿದ್ದಳು. ಈಗ ಮತ್ತೆ ಹೊರಡುವ ಸಿದ್ಧತೆಯಲ್ಲಿದ್ದಾಳೆ. ಅವಳ ಬಗ್ಗೆ ನನಗೆ ಅಪಾರ ಅಭಿಮಾನವಿದೆ. ಆ ಅಭಿಮಾನ ನನ್ನ ಸ್ವಂತ ದಿನಗಳನ್ನು ನಾನು ನೋಡುವ ರೀತಿಯನ್ನೇ ಬದಲಿಸುತ್ತಿರುವುದರಿಂದ ಇಲ್ಲಿರುವವರ ಅಭಿಪ್ರಾಯ ಕೇಳಬೇಕೆನಿಸಿದೆ.

ಅವಳು ಅಲ್ಲಿ ಮಾಡಿದ ಕೆಲಸವನ್ನು ಮೊದಲು ಹೇಳುತ್ತೇನೆ. ಅತ್-ತುವಾನಿ ಎಂಬ ಹಳ್ಳಿಯಲ್ಲಿ ಶಾಲೆಯಿದೆ. ತೂಬಾ ಎಂಬ ಪುಟ್ಟ ಊರಿನ ಮಕ್ಕಳು ಅಲ್ಲಿಗೆ ಬರುವ ಹತ್ತಿರದ ದಾರಿ ಮಾಓನ್ ಎಂಬ ಇಸ್ರೇಲಿ ವಸಾಹತಿಗೂ ಅದರ ಮಗ್ಗುಲಿನ ಹವಾತ್ ಮಾಓನ್ ಎಂಬ ವಸಾಹತುಗಾರರ ಹೊರಠಾಣೆಗೂ ನಡುವೆ ಹಾದುಹೋಗುತ್ತದೆ. ಆ ದಾರಿಯಲ್ಲಿ ವಸಾಹತುಗಾರರು ಮಕ್ಕಳ ಮೇಲೆ ಹಲ್ಲೆ ಮಾಡುತ್ತಿದ್ದುದರಿಂದ 2004ರಲ್ಲಿ ಕ್ರಿಶ್ಚಿಯನ್ ಪೀಸ್‌ಮೇಕರ್ ಟೀಮ್ಸ್ ಮತ್ತು ಇಟಲಿಯ ಆಪರೇಷನ್ ಡವ್ ಎಂಬ ಗುಂಪುಗಳ ಸ್ವಯಂಸೇವಕರು ಮಕ್ಕಳ ಜೊತೆ ನಡೆಯಲಾರಂಭಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಸುಕು ಹಾಕಿಕೊಂಡು ಬಂದವರಿಂದ ಪೆಟ್ಟು ತಿಂದು ಇಬ್ಬರು ಸ್ವಯಂಸೇವಕರು ಆಸ್ಪತ್ರೆ ಸೇರಿದ ಮೇಲೆ, ವಿಷಯ ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ನ ಸಮಿತಿಯವರೆಗೆ ಹೋಗಿ, ಮಕ್ಕಳಿಗೆ ಸೇನೆಯೇ ಬೆಂಗಾವಲು ಕೊಡುವ ವ್ಯವಸ್ಥೆಯಾಯಿತು. ಅಂದಿನಿಂದ ಸ್ವಯಂಸೇವಕರ ಕೆಲಸವೆಂದರೆ ದೂರದಲ್ಲಿ ನಿಂತು ಸೇನೆಯ ಜೀಪು ಬಂತೇ, ಎಷ್ಟು ಹೊತ್ತಿಗೆ ಬಂತು, ಮಕ್ಕಳನ್ನು ದಾರಿಯ ಕೊನೆಯವರೆಗೂ ಬಿಟ್ಟುಬಂತೇ ಎಂಬುದನ್ನು ಬರೆದಿಡುವುದು. ಬಾರದಿದ್ದರೆ ಮತ್ತೆ ಮತ್ತೆ ಫೋನ್ ಮಾಡಿ ಕರೆಸುವುದು. ನನ್ನ ಗೆಳತಿ ಬೆಳಗ್ಗೆ ಮತ್ತು ಮಧ್ಯಾಹ್ನ ಮಾಡುತ್ತಿದ್ದುದು ಇದನ್ನೇ. ಜೀಪು ಬಾರದ ದಿನ ಮಕ್ಕಳು ಬಯಲಿನಲ್ಲಿ ಕಾಯಬೇಕಿತ್ತು, ಇಲ್ಲವೇ ಗುಡ್ಡ ಬಳಸಿಕೊಂಡು ಬಹಳ ದೂರ ನಡೆಯಬೇಕಿತ್ತು.

ಇತ್ತ ಬೆಂಗಳೂರಿನಲ್ಲಿ ನನ್ನ ಮಗನ ಶಾಲೆಯ ವ್ಯಾನ್ ತಡವಾದರೆ ನನ್ನ ಇಡೀ ಬೆಳಗು ಕೆಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನವರು ಬರುತ್ತೇವೆಂದು ಹೇಳಿ ಬರುವುದಿಲ್ಲ, ಬಂದರೂ ಒಪ್ಪಿದ ದರಕ್ಕೆ ನೀರು ಕೊಡುವುದಿಲ್ಲ. ಪ್ರತಿ ನವೆಂಬರಿನಲ್ಲಿ ಅಮ್ಮನ ಪಿಂಚಣಿಗಾಗಿ ಜೀವಿತ ಪ್ರಮಾಣಪತ್ರ ಕೊಡಬೇಕು. ಬೆರಳ ಗೆರೆಗಳು ಸವೆದುಹೋಗಿರುವುದರಿಂದ ಯಂತ್ರ ಅವರನ್ನು ಗುರುತಿಸುವುದಿಲ್ಲ, ಎಂಬತ್ತು ದಾಟಿದ ಜೀವ ಕೌಂಟರಿನ ಮುಂದೆ ಕೈಯನ್ನು ಸೀರೆಗೆ ಒರೆಸಿ ಒರೆಸಿ ಇಡುತ್ತಾ ನಿಲ್ಲಬೇಕು. ಇವನ್ನೆಲ್ಲ ಗೆಳತಿಗೆ ಹೇಳಿಕೊಳ್ಳಲು ಈಗ ನನಗೆ ಸಂಕೋಚವಾಗುತ್ತದೆ. ಅಂಥವಳ ಮುಂದೆ ಇಂಥ ದೂರುಗಳನ್ನು ಇಡುವುದು ಸರಿಯೇ? ದೂರದಲ್ಲಿ ಕುಳಿತು ಮೆಚ್ಚುವುದರಿಂದ ಯಾರಿಗಾದರೂ ಉಪಯೋಗವಿದೆಯೇ?

ಬಯಲುಸೀಮೆ:
ನಿಮ್ಮ ಗೆಳತಿಯ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಆಕ್ಷೇಪವನ್ನು ಸ್ಪಷ್ಟವಾಗಿ ಹೇಳಬೇಕು. 2023ರ ಮೇ 3ರಂದು ಮಣಿಪುರದಲ್ಲಿ ಹಿಂಸೆ ಆರಂಭವಾದ ಮೇಲೆ ಅಲ್ಲಿನ ಜನ ಬೆಟ್ಟ ಮತ್ತು ಕಣಿವೆ ಎಂದು ಹಂಚಿಹೋದರು. ಒಂದು ಸಮುದಾಯದವರು ಇನ್ನೊಂದು ಸಮುದಾಯದ ಪ್ರದೇಶವನ್ನು ದಾಟಲಾರದ ಸ್ಥಿತಿ ಬಂತು. ಅಲ್ಲಿಗೆ ನಮ್ಮಲ್ಲಿಂದ ಎಷ್ಟು ಜನ ಹೋಗಿ ಮಕ್ಕಳ ಜೊತೆ ನಡೆದರು? ವಿದೇಶದ ನೋವು ನಮ್ಮ ಕಣ್ಣಿಗೆ ಸ್ಫುಟವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ನಾವು ಯಾರ ಕಡೆಯವರೆಂದು ನೆರೆಮನೆಯವರು ಪ್ರಶ್ನಿಸುವುದಿಲ್ಲ. ಸ್ವಂತ ನೆಲದಲ್ಲಿ ಶಾಂತಿಯ ಕೆಲಸಕ್ಕೆ ಇಳಿದರೆ ಬಂಧುಗಳ ಜೊತೆಯೇ ಮಾತು ನಿಲ್ಲುತ್ತದೆ.

ಇನ್ನೊಂದು ಪ್ರಶ್ನೆ. ಅವರು ಅಲ್ಲಿ ನಿಲ್ಲಲು ಸಾಧ್ಯವಾದದ್ದು ಬ್ರಿಟಿಷ್ ಪಾಸ್‌ಪೋರ್ಟಿನ ಬಲದಿಂದ. ಒಬ್ಬರ ಪ್ರಾಣಕ್ಕೆ ಇನ್ನೊಬ್ಬರ ಪ್ರಾಣಕ್ಕಿಂತ ಹೆಚ್ಚು ಬೆಲೆಯಿದೆ ಎಂಬ ಅನ್ಯಾಯವನ್ನೇ ಬಳಸಿಕೊಂಡು ನಡೆಯುವ ಕೆಲಸವಿದು. ಅದರ ಬಗ್ಗೆ ಆ ಹಳ್ಳಿಯವರು ಏನೆನ್ನುತ್ತಾರೆ?

ಹಳೆಯ ಸರ್ವೋದಯಿ:
ಬಯಲುಸೀಮೆಯವರು ಎತ್ತಿದ ಮೊದಲ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಉತ್ತರವಿದೆ ಎಂದು ನನಗೆ ತೋರುತ್ತದೆ. ವಿನೋಬಾ ಅವರು 1957ರಲ್ಲಿ ಕೇರಳದ ಪಾದಯಾತ್ರೆಯ ವೇಳೆ ಶಾಂತಿಸೇನೆಯನ್ನು ಕಟ್ಟಿದಾಗ ಅದರ ಕೆಲಸವಿದ್ದುದು ನಮ್ಮದೇ ಊರುಗಳ ಗಲಭೆಗಳಲ್ಲಿ. ಕೆಲವೇ ವರ್ಷಗಳಲ್ಲಿ, 1961ರ ಕೊನೆಗೆ, ಲೆಬನಾನಿನ ಬ್ರುಮ್ಮಾನಾದಲ್ಲಿ ಅಹಿಂಸಾ ಕಾರ್ಯಕರ್ತರ ಅಂತರರಾಷ್ಟ್ರೀಯ ಸಂಘಟನೆಯಾದ ವಿಶ್ವ ಶಾಂತಿ ಬ್ರಿಗೇಡ್ ಹುಟ್ಟಿತು. ಅದರ ಸಹ ಅಧ್ಯಕ್ಷರಲ್ಲಿ ಜಯಪ್ರಕಾಶ ನಾರಾಯಣರೂ, ಬ್ರಿಟನ್ನಿನ ಪಾದ್ರಿ ಮೈಕಲ್ ಸ್ಕಾಟ್ ಅವರೂ ಇದ್ದರು. ಇವರಿಬ್ಬರೂ 1964ರಲ್ಲಿ ಅಸ್ಸಾಮಿನ ಮುಖ್ಯಮಂತ್ರಿ ಚಾಲಿಹಾ ಅವರ ಜೊತೆ ಸೇರಿ ನಾಗಾಲ್ಯಾಂಡಿನ ಶಾಂತಿ ನಿಯೋಗದಲ್ಲಿ ಕೆಲಸ ಮಾಡಿದರು, ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿ ಭಾರತ ಸರ್ಕಾರ ಮತ್ತು ನಾಗಾ ಬಂಡುಕೋರರ ನಡುವೆ ಕದನವಿರಾಮ ಜಾರಿಗೆ ಬಂತು. ಇಂಗ್ಲೆಂಡಿನ ಪಾದ್ರಿಯೊಬ್ಬರು ನಮ್ಮ ಈಶಾನ್ಯದ ಹಳ್ಳಿಗಳಿಗೆ ಬಂದದ್ದನ್ನು ಸಾಹಸವೆಂದು ಒಪ್ಪುವ ನಾವು, ಮೈಸೂರಿನಲ್ಲಿ ಓದಿದ ಹೆಣ್ಣುಮಗಳು ಹೆಬ್ರಾನಿನ ಗುಡ್ಡಗಳಿಗೆ ಹೋದದ್ದನ್ನು ತಪ್ಪೆಂದು ಹೇಳುವುದು ಹೇಗೆ?

ಪಾಸ್‌ಪೋರ್ಟಿನ ಮಾತಿಗೂ ಒಂದು ಉದಾಹರಣೆ ಕೊಡುತ್ತೇನೆ. ತೊಂಬತ್ತರ ಹೊಸ್ತಿಲಲ್ಲಿದ್ದ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅಣುಬಾಂಬಿನ ವಿರುದ್ಧ ಪ್ರತಿಭಟಿಸಿ 1961ರಲ್ಲಿ ಜೈಲು ಸೇರಿದ ಸುದ್ದಿಯನ್ನು ಬೆಂಗಳೂರಿನ ಕಾಫಿ ಹೋಟೆಲೊಂದರಲ್ಲಿ ಓದಿದ ಇಬ್ಬರು ಯುವಕರು, ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್, ಮರುವರ್ಷ ಜೂನ್ 1ರಂದು ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟು ಮಾಸ್ಕೋ, ಪ್ಯಾರಿಸ್, ಲಂಡನ್ನುಗಳ ಮೂಲಕ ವಾಷಿಂಗ್ಟನ್ ತಲುಪಿದರು. ನಡೆಯಲು ನೆಲವಿದ್ದಷ್ಟೂ ನಡೆದೇ ಹೋದರು; ವಿನೋಬಾರ ಸಲಹೆಯಂತೆ ಜೇಬಿನಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳಲಿಲ್ಲ. ಅವರ ಬಳಿ ಇದ್ದುದು ಭಾರತದ ಪಾಸ್‌ಪೋರ್ಟ್ ಮಾತ್ರ. ನಾನು ಹುಡುಗನಾಗಿದ್ದಾಗ ಈ ಸುದ್ದಿಯನ್ನು ಹಿರಿಯರು ಓದಿ ಹೇಳಿದ್ದು ಈಗಲೂ ನೆನಪಿದೆ. ನನ್ನ ಬದುಕಿನ ದಿಕ್ಕನ್ನು ಅದು ಬಹಳಮಟ್ಟಿಗೆ ನಿರ್ಧರಿಸಿತು. ಆದ್ದರಿಂದ ದೂರದ ಮೆಚ್ಚುಗೆಯಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾನು ಆ ಸುದ್ದಿಯನ್ನೇ ತೋರಿಸುತ್ತೇನೆ. ರಸೆಲ್ ಅವರನ್ನು ಮೆಚ್ಚಿದವರು ನಡೆದರು, ನಡೆದವರನ್ನು ಮೆಚ್ಚಿದ ನನ್ನಂಥವರು ಖಾದಿ ಭಂಡಾರದಲ್ಲಿಯೋ ಗ್ರಾಮಶಾಲೆಯಲ್ಲಿಯೋ ಆಯುಷ್ಯ ಕಳೆದೆವು.

ತುಂಗಾತೀರ:
ಹಿರಿಯರ ಮಾತಿನ ಮೇಲಿನ ಗೌರವದಿಂದಲೇ ಒಂದು ಭಿನ್ನಾಭಿಪ್ರಾಯ. ಪಾದಯಾತ್ರೆಯಲ್ಲಿರುವ ಅಪಾಯ ಬೇರೆ, ಬಂದೂಕಿನ ಎದುರು ರಕ್ಷಣೆಗಾಗಿ ನಿಲ್ಲುವುದರಲ್ಲಿರುವ ಅಪಾಯ ಬೇರೆ. ಗಾಜಾದ ರಫಾದಲ್ಲಿ ಮನೆಯೊಂದನ್ನು ಕೆಡವದಂತೆ ತಡೆಯಲು ನಿಂತಿದ್ದ 23 ವರ್ಷದ ಅಮೆರಿಕದ ಯುವತಿ ರೇಚಲ್ ಕೊರಿ 2003ರ ಮಾರ್ಚ್ 16ರಂದು ಇಸ್ರೇಲಿ ಸೇನೆಯ ಬುಲ್ಡೋಜರಿಗೆ ಸಿಕ್ಕಿ ಸತ್ತಳು. ಆಕೆಯ ತಂದೆತಾಯಿ ಹೂಡಿದ ದಾವೆಯನ್ನು 2012ರಲ್ಲಿ ಹೈಫಾದ ನ್ಯಾಯಾಲಯ ತಳ್ಳಿಹಾಕಿತು. 2024ರ ಸೆಪ್ಟೆಂಬರ್ 6ರಂದು ವೆಸ್ಟ್ ಬ್ಯಾಂಕಿನ ನಾಬ್ಲುಸ್ ಬಳಿಯ ಬೇತಾದಲ್ಲಿ 26 ವರ್ಷದ ಸ್ವಯಂಸೇವಕಿ ಆಯ್ಶೆನೂರ್ ಎಜ್ಗಿ ಎಯ್ಗಿ ಗುಂಡೇಟಿಗೆ ಬಲಿಯಾದಳು. ತನ್ನ ಗುಂಡು ಉದ್ದೇಶವಿಲ್ಲದೆ ತಗುಲಿರುವ ಸಾಧ್ಯತೆ ಬಹಳವಿದೆ ಎಂದು ಇಸ್ರೇಲಿ ಸೇನೆ ಹೇಳಿತು. ಅವಳಿಗೂ ಅಮೆರಿಕದ ಪೌರತ್ವವಿತ್ತು. ಹೀಗಿರುವಾಗ ವಿದೇಶಿಯರ ಇರವು ದಾಳಿಯನ್ನು ತಡೆಯುತ್ತದೆ ಎಂಬ ನಂಬಿಕೆಯ ತಳಪಾಯವೇ ಅಲುಗಾಡುತ್ತಿಲ್ಲವೇ?

ಗೆಳತಿಯ ಬಗ್ಗೆ ಅಭಿಮಾನ ಪಡುವವರು ಅವಳ ಸುರಕ್ಷತೆಯನ್ನು ಕೇಳಲು ಹಿಂಜರಿಯಬಾರದು ಎಂಬುದಷ್ಟೇ ನನ್ನ ವಿನಂತಿ. ಅವಳು ಮತ್ತೆ ಹೊರಟಿದ್ದಾಳೆ ಎಂದು ನೀವು ಬರೆದಿದ್ದೀರಿ. 2022ರಲ್ಲಿದ್ದ ಪರಿಸ್ಥಿತಿಗೂ 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಆರಂಭವಾದ ನಂತರದ ಪರಿಸ್ಥಿತಿಗೂ ಬಹಳ ಅಂತರವಿದೆ.

ರಾತ್ರಿಪಾಳಿ:
ನಾನು ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ, ಊರು ಹಾಸನದ ಕಡೆ. ಕುಕ್ಕರಹಳ್ಳಿಯವರು ತಮ್ಮ ದೂರುಗಳ ಬಗ್ಗೆ ಸಂಕೋಚಪಡುವುದು ನನಗೆ ಒಪ್ಪಿಗೆಯಾಗಲಿಲ್ಲ, ಅದರ ಕಾರಣವನ್ನು ವಿವರಿಸುತ್ತೇನೆ.

ನಿಮ್ಮ ಗೆಳತಿ ಅಲ್ಲಿ ಯಾವುದನ್ನು ಕಾಯುತ್ತಿದ್ದಳು ಎಂದು ನೋಡಿ. ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆ ತಲುಪಬೇಕು, ಕುರುಬರು ಕುರಿಗಳನ್ನು ತಮ್ಮದೇ ಹುಲ್ಲುಗಾವಲಿಗೆ ಅಟ್ಟಬೇಕು, ಮನೆಗೆ ನೀರು ಬರಬೇಕು. ಇಸ್ರೇಲಿಗೂ ಪ್ಯಾಲೆಸ್ಟೀನಿಯರಿಗೂ ನಡುವೆ ಆದ 1995ರ ಓಸ್ಲೊ ಒಪ್ಪಂದದ ವಿಂಗಡಣೆಯಂತೆ ವೆಸ್ಟ್ ಬ್ಯಾಂಕಿನ ಸುಮಾರು 60 ಪ್ರತಿಶತ ಭೂಮಿ ಪೂರ್ತಿ ಇಸ್ರೇಲಿನ ಆಡಳಿತದಲ್ಲಿದೆ. ಈ ಹಳ್ಳಿಗಳು ಇರುವುದು ಅದರೊಳಗೆ. ಅಲ್ಲಿ ಪ್ಯಾಲೆಸ್ಟೀನಿಯರಿಗೆ ಕಟ್ಟಡದ ಪರವಾನಗಿ ಸಿಗುವುದು ಬಹಳ ಅಪರೂಪ, ಪರವಾನಗಿಯಿಲ್ಲದೆ ಕಟ್ಟಿದರೆ ಮನೆಯನ್ನಷ್ಟೇ ಅಲ್ಲ, ಮಳೆನೀರಿನ ತೊಟ್ಟಿಯನ್ನೂ ಕೆಡವುತ್ತಾರೆ. ಆ ಸೀಮೆಯ ಅನೇಕ ಹಳ್ಳಿಗಳು ದುಬಾರಿ ಟ್ಯಾಂಕರ್ ನೀರನ್ನೇ ನಂಬಿವೆ. ಅಲ್ಲಿನ ಮಸಾಫರ್ ಯಟ್ಟಾ ಎಂಬ ಸುಮಾರು 3,000 ಹೆಕ್ಟೇರ್ ಪ್ರದೇಶವನ್ನು 1980ರ ದಶಕದ ಆರಂಭದಲ್ಲಿ ಸೇನೆಯ ಗುಂಡು ಹಾರಿಸುವ ತರಬೇತಿಗೆ ಮೀಸಲೆಂದು ಘೋಷಿಸಲಾಯಿತು. ಎರಡು ದಶಕಗಳಿಗೂ ಹೆಚ್ಚು ಕಾಲ ನಡೆದ ಮೊಕದ್ದಮೆಯ ಕೊನೆಗೆ, ನಿಮ್ಮ ಗೆಳತಿ ಅಲ್ಲಿಗೆ ಹೋದ 2022ರ ಮೇ ತಿಂಗಳಲ್ಲೇ, ಇಸ್ರೇಲಿನ ಸುಪ್ರೀಂ ಕೋರ್ಟು ಅಲ್ಲಿನ ಜನರನ್ನು ತೆರವುಗೊಳಿಸಲು ದಾರಿ ಮಾಡಿಕೊಟ್ಟಿತು. ಅಂದರೆ ಅಲ್ಲಿ ಜನರಿಂದ ಕಸಿದುಕೊಳ್ಳಲಾಗುತ್ತಿರುವುದು ಸಾಮಾನ್ಯ ದಿನವನ್ನು. ಸಾಮಾನ್ಯ ದಿನ ಅಷ್ಟು ಅಮೂಲ್ಯವಾಗಿದ್ದರೆ, ನಿಮ್ಮ ತಾಯಿಯವರ ಪಿಂಚಣಿ, ನಿಮ್ಮ ಮನೆಯ ನೀರು, ಮಗನ ವ್ಯಾನು ಇವೆಲ್ಲ ಕ್ಷುಲ್ಲಕವಾಗುವುದು ಹೇಗೆ? ಎಂಬತ್ತು ದಾಟಿದ ಹೆಣ್ಣುಮಗಳೊಬ್ಬರು ತಾನು ಬದುಕಿದ್ದೇನೆ ಎಂದು ಯಂತ್ರದ ಮುಂದೆ ಸಾಬೀತುಪಡಿಸಬೇಕಾಗಿ ಬಂದಿರುವುದು ಸಣ್ಣ ವಿಷಯವಲ್ಲ. ಬೆರಳಚ್ಚು ಹೊಂದದಿದ್ದರೆ ಮುಖಚಹರೆಯಿಂದಲೂ ಜೀವಿತ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಈಗಿದೆ, ಮನೆಯಲ್ಲಿಯೇ ಮೊಬೈಲಿನಲ್ಲಿ ಮಾಡಿಸಬಹುದು. ದಯವಿಟ್ಟು ಮುಂದಿನ ನವೆಂಬರಿನಲ್ಲಿ ಅವರನ್ನು ಸಾಲಿನಲ್ಲಿ ನಿಲ್ಲಿಸಬೇಡಿ.

ಬರೆದಿಡುವ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದು ನನಗೆ ಗೊತ್ತಿರುವ ಕೆಲಸ. ರಾತ್ರಿಪಾಳಿಯಲ್ಲಿ ರೋಗಿಯ ಉಸಿರು, ನಾಡಿ, ಔಷಧಿ ಕೊಟ್ಟ ಹೊತ್ತು ಎಲ್ಲವನ್ನೂ ಬರೆಯುತ್ತೇವೆ. ಹೆಚ್ಚಿನ ರಾತ್ರಿ ಅದನ್ನು ಯಾರೂ ತೆರೆದು ನೋಡುವುದಿಲ್ಲ, ಆದರೆ ಏನಾದರೂ ಹೆಚ್ಚುಕಡಿಮೆಯಾದ ದಿನ ಅದೊಂದೇ ಸಾಕ್ಷಿ. ಜೀಪು ಬಂದ ಹೊತ್ತನ್ನು ದಿನವೂ ಬರೆದಿಡುವ ಬೇಸರದ ಕೆಲಸದಲ್ಲಿ ನಿಮ್ಮ ಗೆಳತಿ ತೋರಿಸಿದ ತಾಳ್ಮೆಯನ್ನು ನಾನು ಅವಳ ಧೈರ್ಯಕ್ಕಿಂತಲೂ ಹೆಚ್ಚು ಮೆಚ್ಚುತ್ತೇನೆ.

ಕುಕ್ಕರಹಳ್ಳಿ:
ಎಲ್ಲರಿಗೂ ಧನ್ಯವಾದಗಳು. ತುಂಗಾತೀರದವರು ಹೇಳಿದ ಅಪಾಯವನ್ನು ಗೆಳತಿಯೇ ಮೊದಲು ಒಪ್ಪುತ್ತಾಳೆ. ತಾನು ಗುರಾಣಿಯಾಗಲಾರೆ, ಸಾಕ್ಷಿಯಾಗಬಲ್ಲೆ ಎಂದು ಅವಳು ಬರೆದಿದ್ದಳು. ಮನೆಯವರ ಜೊತೆ ಮಾತಾಡಿ, ತಂಡದವರು ಸುರಕ್ಷಿತವೆಂದು ಹೇಳಿದರೆ ಮಾತ್ರ ಹೊರಡುವುದೆಂದು ತೀರ್ಮಾನಿಸಿದ್ದಾಳೆ.

ಹಳ್ಳಿಯವರಿಗೆ ಇವರು ಬೇಕೇ ಎಂದು ಬಯಲುಸೀಮೆಯವರು ಕೇಳಿದ್ದೀರಿ. 2004ರಲ್ಲಿ ಆ ಸ್ವಯಂಸೇವಕರನ್ನು ಆಹ್ವಾನಿಸಿದವರು ಅತ್-ತುವಾನಿಯ ಜನ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ತಾಯುಶ್ ಎಂಬ ಗುಂಪು. ತಾಯುಶ್ 2000ರಲ್ಲಿ ಹುಟ್ಟಿದ, ಇಸ್ರೇಲಿನ ಯಹೂದಿಗಳೂ ಅರಬರೂ ಕೂಡಿರುವ ಸಂಘಟನೆ. ತೆಲುಗು, ತಮಿಳು, ಸಂಸ್ಕೃತ ಸಾಹಿತ್ಯಗಳ ದೊಡ್ಡ ವಿದ್ವಾಂಸರಾದ ಡೇವಿಡ್ ಶುಲ್ಮನ್ ಅವರು ಬಹಳ ವರ್ಷಗಳಿಂದ ಅದರ ಜೊತೆ ಇದೇ ಗುಡ್ಡಗಳಿಗೆ ಹೋಗುತ್ತಿದ್ದಾರೆ. 2016ರಲ್ಲಿ ತಮಗೆ ಬಂದ ಇಸ್ರೇಲ್ ಪ್ರಶಸ್ತಿಯ ಹಣವನ್ನು ಅವರು ಆ ಸಂಘಟನೆಗೇ ಕೊಟ್ಟರು. ದಕ್ಷಿಣ ಭಾರತದ ಕಾವ್ಯವನ್ನು ಜಗತ್ತಿಗೆ ಓದಿ ಹೇಳಿದ ವಿದ್ವಾಂಸರೊಬ್ಬರು ಕುರುಬರ ಜೊತೆ ಬಿಸಿಲಿನಲ್ಲಿ ನಿಲ್ಲುವುದನ್ನು ತಿಳಿದ ಮೇಲೆ, ಆ ಕೆಲಸ ಹೊರಗಿನವರದಷ್ಟೇ ಎಂದು ನನಗೆ ಅನ್ನಿಸುವುದಿಲ್ಲ.

ರಾತ್ರಿಪಾಳಿಯವರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಗೆಳತಿಗೂ ನನ್ನ ದೂರುಗಳನ್ನು ಮುಚ್ಚಿಡದೆ ಬರೆಯುತ್ತೇನೆ.

ಬಯಲುಸೀಮೆ:
ಆಹ್ವಾನದ ವಿಷಯ ತಿಳಿಸಿದ್ದಕ್ಕೆ ಕೃತಜ್ಞತೆಗಳು, ಅದು ಮುಖ್ಯವಾದ ಉತ್ತರ. ಆದರೂ ನನ್ನ ಒಂದು ಅನುಮಾನ ಉಳಿದಿದೆ. ಹಿರಿಯರು ಹೆಸರಿಸಿದ ಮೈಕಲ್ ಸ್ಕಾಟ್ ಅವರನ್ನು 1966ರಲ್ಲಿ ನಮ್ಮದೇ ಸರ್ಕಾರ ದೇಶದಿಂದ ಹೊರಗೆ ಕಳುಹಿಸಿತು. ಹೊರಗಿನಿಂದ ಬಂದವರನ್ನು ಯಾವ ದಿನ ಬೇಕಾದರೂ ಹೊರಗಟ್ಟಬಹುದು, ಅವರಾಗಿಯೇ ರಜೆ ಮುಗಿಸಿ ಮರಳಲೂಬಹುದು. ಹಳ್ಳಿಯವರು ಅಲ್ಲಿಯೇ ಇರಬೇಕು. ಸ್ವಯಂಸೇವಕರು ಹೊರಟುಹೋದ ಮರುದಿನ ಆ ದಾರಿಯಲ್ಲಿ ಏನಾಗುತ್ತದೆ, ದಾಖಲೆ ಬರೆಯುವುದನ್ನು ಊರಿನ ಯುವಜನರಿಗೇ ಕಲಿಸಲಾಗಿದೆಯೇ ಎಂದು ನಿಮ್ಮ ಗೆಳತಿಯನ್ನು ಕೇಳಬಹುದೇ? ಮಣಿಪುರದ ಬಗ್ಗೆ ನಾನು ಹೇಳಿದ್ದಕ್ಕೂ ಇದಕ್ಕೂ ಸಂಬಂಧವಿದೆ. ಅಲ್ಲಿ ಇಂಥದ್ದನ್ನು ಯಾರಾದರೂ ಆರಂಭಿಸುವುದಾದರೆ ಮೊದಲು ತಿಳಿಯಬೇಕಾದದ್ದು ಇದೇ.

ಹಳೆಯ ಸರ್ವೋದಯಿ:
ಒಳ್ಳೆಯ ಪ್ರಶ್ನೆ. ಶಾಂತಿಸೇನೆಯ ಕಾಲದಲ್ಲಿಯೂ ನಮ್ಮನ್ನು ಹೆಚ್ಚು ಕಾಡಿದ್ದು ಅದೇ. ಉತ್ತರ ಬಂದಾಗ ಪೂರ್ತಿಯಾಗಿ ಇಲ್ಲಿ ಹಾಕಿ.

ಕುಕ್ಕರಹಳ್ಳಿ:
ಈ ಪ್ರಶ್ನೆಯನ್ನು ಹಾಗೆಯೇ ಅವಳಿಗೆ ಕಳುಹಿಸಿದ್ದೇನೆ. ಊರಿನ ಹುಡುಗರ ಕೈಯಲ್ಲಿ ಆಗಲೇ ಕ್ಯಾಮೆರಾಗಳಿದ್ದವು, ತಾನು ಬರೆಯುತ್ತಿದ್ದುದಕ್ಕಿಂತ ಅವರು ಚಿತ್ರೀಕರಿಸುತ್ತಿದ್ದುದೇ ಹೆಚ್ಚು ಎಂದಷ್ಟೇ ಸದ್ಯಕ್ಕೆ ಹೇಳಿದ್ದಾಳೆ. ಉಳಿದದ್ದನ್ನು ಭಾನುವಾರ ಬಿಡುವಾಗಿ ಬರೆಯುವುದಾಗಿ ತಿಳಿಸಿದ್ದಾಳೆ.